ಚಿಗರಿ ಓಡಿದ ಬೇಸಿಗೆ

ಕೊಟ್ಟೂರಿನ ನಮ್ಮ ಮನೆಗೆ ಬೇಸಿಗೆಯಲ್ಲಿ ನೆಂಟರು ಬರುತ್ತಿರಲಿಲ್ಲ. ಅಪ್ಪಿತಪ್ಪಿ ಬಂದವರು ಒಂದು ಊಟ ಮುಗಿಸಿ, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಹೊರಟುಬಿಡುತ್ತಿದ್ದರು. ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಬೀದಿಯ ಕಡೆಗೆ ಎರಡು ಕೋಣೆ, ನಡುವೆ ಪಡಸಾಲೆ, ಅದರ ಹಿಂದೆ ಭತ್ತ ಒಣಗಿಸುವ ಕಲ್ಲುಹಾಸಿನ ದೊಡ್ಡ ಅಂಗಳ, ಅಂಗಳದ ತುದಿಗೆ ತಗಡಿನ ಸೂರಿನ ಕೆಳಗೆ ಭಟ್ಟಿ. ಬೆಳಿಗ್ಗೆ ಅಪ್ಪ ಉರಿ ಹಾಕಿ ಬಾಣಲೆಯ ಉಸುಕು ಕಾಯಿಸಿದರೆ, ಅದಕ್ಕೆ ಬಿದ್ದ ಅಕ್ಕಿ ಪಟಪಟನೆ ಅರಳುವ ಸದ್ದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಅವ್ವನ ಸದ್ದಿನೊಂದಿಗೆ ಬೆರೆತುಹೋಗುತ್ತಿತ್ತು. ಮೇಲಿನಿಂದ ಸೂರ್ಯ, ಹಿತ್ತಲಿನಿಂದ ಭಟ್ಟಿ. ನಡುಮಧ್ಯಾಹ್ನ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟರೆ ಗೋಡೆಯೂ ಬಿಸಿ. ಆ ಝಳದಲ್ಲೇ ಹುಟ್ಟಿ ಹನ್ನೊಂದು ವರ್ಷ ಬೆಳೆದಿದ್ದ ನನಗೆ, ಬಿಸಿಲೆಂದರೆ ಏನೆಂದು ನನ್ನಷ್ಟು ಗೊತ್ತಿರುವವರು ಊರಿನಲ್ಲೇ ಇಲ್ಲ ಎಂಬ ಜಂಬವಿತ್ತು. ಆ ಜಂಬ ಒಂದು ಜೀವವನ್ನೇ ತೆಗೆಯುವುದರಲ್ಲಿತ್ತು.

ಆ ಜೀವ ಮನೆಗೆ ಬಂದದ್ದು ಕಾಕಾನ ಅಂಗಿಯೊಳಗೆ ಕೂತು. ಕಾಕಾ ಎಂದರೆ ಅಪ್ಪನ ತಮ್ಮ ಕೊಟ್ರೇಶ. ಅಪ್ಪ ಹುರಿದ ಮಂಡಕ್ಕಿಯನ್ನು ಚೀಲಕ್ಕೆ ತುಂಬಿ, ಗೂಡ್ಸ್ ಆಟೊದಲ್ಲಿ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಅಂಗಡಿಗಳಿಗೆ ಹಾಕಿ ಬರುವುದು ಅವನ ಕೆಲಸ. ಮದುವೆಯಾಗಿರಲಿಲ್ಲ. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಒಂದು ದಿನ ಗುಡೇಕೋಟೆಯ ಕಡೆಯಿಂದ ಬಂದವನು ಪಡಸಾಲೆಯಲ್ಲಿ ನಿಂತು ಅಂಗಿಯ ಗುಂಡಿ ಬಿಚ್ಚಿದ. ಒಳಗಿನಿಂದ ಉದ್ದ ಮೂತಿಯೊಂದು ಇಣುಕಿತು. ಅಲ್ಲಿನ ಕುರಿಗಾಹಿಯೊಬ್ಬ ಕೊಟ್ಟ ಹೆಣ್ಣು ನಾಯಿಮರಿ. ನಾನು ಕುಣಿದಾಡಿಬಿಟ್ಟೆ. ನಮ್ಮ ಅಜ್ಜಿ ಮಾತ್ರ ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದವಳೇ ಬಾಗಿಲಿಗೆ ಅಡ್ಡ ನಿಂತಳು.

"ಏನ್ಲೇ ಕೊಟ್ರೇಶಿ ಅದು? ಭತ್ತದ ಮ್ಯಾಲೆಲ್ಲಾ ಅಡ್ಡಾಡ್ತೈತಿ. ಮಂದಿ ತಿನ್ನೋ ಮಂಡಕ್ಕಿ ಮಾಡೋ ಮನಿ ಇದು."

"ಇನ್ನೂ ಮರಿ ಐತಿ ಬೇ. ಅಂಗಳಕ್ಕ ಬಿಡಂಗಿಲ್ಲ, ನಿನ್ನಾಣಿ."

ಮುಂಬಾಗಿಲ ಪಕ್ಕದ ಬೇವಿನ ಗಿಡದ ಬುಡವೇ ಅದಕ್ಕೆ ಮನೆಯಾಯಿತು. ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ, ಮಿಕ್ಕಿದ ಅನ್ನ, ಕಾಕಾ ಕದ್ದುಮುಚ್ಚಿ ತರುತ್ತಿದ್ದ ಮೊಟ್ಟೆ ತಿಂದು ವರ್ಷದೊಳಗೆ ಅದರ ಕಾಲುಗಳು ಎಷ್ಟು ಉದ್ದ ಬೆಳೆದವೆಂದರೆ, ನಡೆಯುವಾಗ ತನ್ನ ಕಾಲು ತಾನೇ ತೊಡರಿಕೊಳ್ಳುತ್ತಿತ್ತು. ಆದರೆ ಓಡತೊಡಗಿದರೆ! ಕೆರೆಯ ಬಯಲಿನಲ್ಲಿ ಬಿಟ್ಟರೆ ಬೆನ್ನು ಬಿಲ್ಲಿನಂತೆ ಬಾಗಿ, ನಾಲ್ಕೂ ಕಾಲು ನೆಲ ಬಿಟ್ಟು, ಒಂದು ಕ್ಷಣ ಗಾಳಿಯಲ್ಲೇ ನಿಂತಂತೆ ಕಾಣುತ್ತಿತ್ತು. ಜಿಂಕೆಯ ಹಾಗೆ ಹಾರುತ್ತದೆ ಎಂದು ಕಾಕಾ ಅದಕ್ಕೆ ಚಿಗರಿ ಎಂದೇ ಹೆಸರಿಟ್ಟ. ಆ ಓಟ ನೋಡುವಾಗ ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಓಡುತ್ತಿರುವುದು ಅವಳೋ ನಾನೋ ಎಂಬುದೇ ತಿಳಿಯುತ್ತಿರಲಿಲ್ಲ.

ಬೇಸಿಗೆ ರಜೆ ಬಿಟ್ಟ ದಿನವೇ ಕಾಕಾ ಸುದ್ದಿ ತಂದ. ಎರಡು ತಿಂಗಳಾದ ಮೇಲೆ, ಹಂಪಸಾಗರದ ಹತ್ತಿರ ಹೊಳೆಯ ಹಿನ್ನೀರು ಇಳಿದ ಬಯಲಿನಲ್ಲಿ ನಾಯಿಗಳ ಓಟದ ಪಂದ್ಯ. ಒಂದು ತುದಿಯಲ್ಲಿ ಒಬ್ಬರು ನಾಯಿ ಹಿಡಿದು ಬಿಡಬೇಕು, ಇನ್ನೊಂದು ತುದಿಯಲ್ಲಿ ಅದು ಹಚ್ಚಿಕೊಂಡವರು ನಿಂತು ಕರೆಯಬೇಕು. ಕರೆಯುವವಳು ನಾನು! ಅವತ್ತಿನಿಂದ ನನಗೆ ಊಟ, ನಿದ್ದೆ ಬೇಡವಾಯಿತು. ಮೊದಲ ವಾರ ಕಾಕಾನೇ ಬೆಳಿಗ್ಗೆ ಓಡಿಸಿದ. ಆಮೇಲೆ ಹಡಗಲಿಯ ಕಡೆ ಮೂರು ದಿನದ ಕೆಲಸ ಬಿತ್ತು. ಹೊರಡುವಾಗ ಚಿಗರಿಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಹೇಳಿದ:

"ದಿನಾ ಮುಂಜಾನಿ ಒಂದ್ ಸಲ, ಸಂಜಿಗೆ ಒಂದ್ ಸಲ. ಬಿಸ್ಲು ಏರಿದ ಮ್ಯಾಲೆ ಹೊರಗ ತೆಗೀಬ್ಯಾಡ. ತಿಳೀತಿಲ್ಲೋ?"

ತಿಳಿಯಿತು ಎಂದು ತಲೆಯಾಡಿಸಿದೆ. ಎರಡು ದಿನ ಹಾಗೆಯೇ ಮಾಡಿದೆ. ಮೂರನೆಯ ದಿನ ನನಗೊಂದು ಆಸೆ ಹುಟ್ಟಿತು. ಕಾಕಾ ಸಂಜೆ ಬರುವಷ್ಟರಲ್ಲಿ ಚಿಗರಿ ಮೊದಲಿಗಿಂತ ಜೋರಾಗಿ ಓಡುವಂತೆ ಮಾಡಿ ಅವನನ್ನು ಬೆರಗುಗೊಳಿಸಬೇಕು. ದಿನಕ್ಕೆ ಎರಡು ಸಲ ಓಡಿ ಇಷ್ಟು ವೇಗ ಬಂದರೆ, ಮೂರು ಸಲ ಓಡಿದರೆ ಎಷ್ಟು ಬರಬಹುದು? ಅವ್ವ ಊಟ ಮಾಡಿ ಅಡ್ಡಾಗಿದ್ದಳು, ಅಪ್ಪ ಭಟ್ಟಿಯ ಮುಂದಿದ್ದ, ಅಜ್ಜಿ ಅಂಗಳದಲ್ಲಿ ಭತ್ತ ಕೆದರುತ್ತಿದ್ದಳು. ನಾನು ಸೈಕಲ್ಲಿನ ಹ್ಯಾಂಡಲ್ಲಿಗೆ ಪಟ್ಟಿ ಸುತ್ತಿಕೊಂಡು, ಸದ್ದಾಗದಂತೆ ಬೀದಿಗಿಳಿದು, ಊರಾಚೆಯ ಡಾಂಬರು ರಸ್ತೆ ಹಿಡಿದೆ.

ಮೊದಲು ಚಿಗರಿ ಎಂದಿನಂತೆ ಹಾರುತ್ತಲೇ ಬಂದಳು. ನಾನು ಖುಷಿಯಿಂದ ಕಿರುಚುತ್ತಾ ಪೆಡಲು ತುಳಿದೆ. ಸ್ವಲ್ಪ ದೂರ ಹೋದ ಮೇಲೆ ಜಾಲಿಗಿಡದ ನೆರಳು ಕಂಡಾಗಲೆಲ್ಲ ಆ ಕಡೆ ಎಳೆಯತೊಡಗಿದಳು. ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡು ನಾನು ಪಟ್ಟಿ ಜಗ್ಗಿದೆ. ನಿಂತಾಗ ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಕುಣಿಯುತ್ತಿದ್ದಾಳೆ ಎಂದು ನಕ್ಕೆ. ನನ್ನ ಕಾಲಲ್ಲಿ ಚಪ್ಪಲಿ ಇತ್ತು. ವಾಪಸ್ಸು ತಿರುಗಿದಾಗ ನೋಡಿದರೆ ನಾಲಿಗೆ ಅಗಲವಾಗಿ ಜೋತುಬಿದ್ದು, ನೇರಳೆ ತಿಂದವರ ನಾಲಿಗೆಯಂತೆ ಕಪ್ಪಗಾಗಿತ್ತು. ಬಾಯಿಯಿಂದ ದಪ್ಪ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಹಿಂಗಾಲು ಅತ್ತಿತ್ತ ವಾಲಿದವು. ಒಮ್ಮೆ ನನ್ನ ಮುಖ ನೋಡಿದಳು, ಕೂತಳು, ಹಾಗೆಯೇ ಪಕ್ಕಕ್ಕೆ ಉರುಳಿದಳು.

ಸೈಕಲ್ಲು ಅಲ್ಲೇ ಬಿಸಾಕಿ ಅವಳನ್ನು ಎತ್ತಿಕೊಂಡೆ. ಎತ್ತಲಾಗದಷ್ಟು ಭಾರ, ಎತ್ತಿದೆ. ಅವಳ ಮೈ ನನ್ನ ಎದೆಗೆ ಕಾದ ಬಾಣಲೆ ತಾಗಿದಂತೆ ಸುಡುತ್ತಿತ್ತು. ಅಳುತ್ತಾ, ಎಡವುತ್ತಾ, ಹುಣಸೆಮರದ ಕೆಳಗಿದ್ದ ಖಾದರ್ ಮಾಮುವಿನ ಪಂಕ್ಚರ್ ಅಂಗಡಿಗೆ ಓಡಿದೆ. ಟ್ಯೂಬು ಉಜ್ಜುತ್ತಾ ಕೂತಿದ್ದ ಆತ ನನ್ನನ್ನು ನೋಡಿ ಎದ್ದು ನಿಂತ.

"ಅರೆ ಬೇಟಿ! ಏನಾಗೈತಿ ಇದ್ಕ?"

"ಓಡಿಸಿದ್ನಿ ಮಾಮು... ನಾನ ಓಡಿಸಿದ್ನಿ..."

"ಅಳೋದು ಆಮ್ಯಾಲೆ. ಇಲ್ಲಿ ಮಲಗ್ಸು, ನೆರಳಾಗ."

ಪಂಕ್ಚರ್ ನೋಡಲು ಇಟ್ಟಿದ್ದ ನೀರಿನ ಕಬ್ಬಿಣದ ಬುಟ್ಟಿಯನ್ನೇ ಎತ್ತಿ ಅವಳ ಕುತ್ತಿಗೆ, ಹೊಟ್ಟೆ, ತೊಡೆಯ ಮೇಲೆ ಸುರಿದ. ಮೇಜಿನ ಫ್ಯಾನು ಎಳೆದು ತಂದು ಅವಳ ಮುಖಕ್ಕೆ ತಿರುಗಿಸಿದ. ಕೊಡದಿಂದ ಮತ್ತೆ ನೀರು, ಮತ್ತೆ ಗಾಳಿ. ನಾನು ಚೊಂಬಿನಿಂದ ಬಾಯಿಗೆ ನೀರು ಹಾಕಲು ಹೋದರೆ ಕೈ ಹಿಡಿದ.

"ಬ್ಯಾಡ ಬೇಟಿ, ಅದ್ಕ ಈಗ ಎಚ್ಚರಿಲ್ಲ. ನೀರು ಎದಿಗೆ ಹೋದ್ರ ಉಸ್ರು ಕಟ್ತೈತಿ. ಮೈಮ್ಯಾಲೆ ಹಾಕು."

ಆಗಷ್ಟೇ ಊರಿಗೆ ಮೊಬೈಲು ಬಂದಿದ್ದ ಕಾಲ. ಅಂಗಡಿಗೆ ಬಂದಿದ್ದ ಗಿರಾಕಿಯೊಬ್ಬರ ಫೋನಿನಿಂದ ಮಾಮು ದನದ ಡಾಕ್ಟರಿಗೂ ನಮ್ಮ ಮನೆಗೂ ಸುದ್ದಿ ಮುಟ್ಟಿಸಿದ. ಡಾಕ್ಟರು ಬಂದಾಗ ಅವರ ಹಿಂದೆಯೇ ಅಜ್ಜಿ ಬಂದಳು, ಬರಿಗಾಲಲ್ಲಿ, ಒಂದು ಒದ್ದೆ ಸೀರೆ ಹಿಡಿದುಕೊಂಡು. ಅದನ್ನು ಚಿಗರಿಗೆ ಹೊದಿಸಲು ಹೋದವಳನ್ನು ಡಾಕ್ಟರು ತಡೆದರು.

"ಹೊದಿಸ್ಬ್ಯಾಡ್ರಿ ಅಮ್ಮಾ. ಹೊದಿಸಿದ್ರ ಒಳಗಿನ ಕಾವು ಒಳಗ ಉಳೀತೈತಿ. ನೀರು ಹಾಕ್ರಿ, ಗಾಳಿ ಬೀಸ್ರಿ. ಈತ ಮಾಡಿದ್ದ ಸರಿ ಐತಿ."

ಅಜ್ಜಿ ಸೀರೆ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು. ಅಲ್ಲಿಯವರೆಗೂ ಚಿಗರಿಯನ್ನು ಮುಟ್ಟದಿದ್ದವಳು ಅವಳ ಮುಂಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗುಚಿ ನೋಡಿದಳು. ಪಾದದ ಕಪ್ಪು ಮೆತ್ತೆಗಳಲ್ಲಿ ಬೊಬ್ಬೆ ಎದ್ದು ಒಂದು ಕಡೆ ಚರ್ಮ ಸುಲಿದಿತ್ತು. ಅಜ್ಜಿ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಅದನ್ನು ಮೆಲ್ಲಗೆ ಒರೆಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಸಲೈನ್ ಹಚ್ಚುತ್ತಾ ನನ್ನನ್ನು ಹತ್ತಿರ ಕರೆದರು.

"ನೋಡವ್ವಾ, ನಿನಗ ಮೈತುಂಬ ಬೆವರು ಬರ್ತೈತಿ, ಮೈ ತಣ್ಣಗಾಗ್ತೈತಿ. ನಾಯಿಗೆ ಹಂಗಿಲ್ಲ. ಬಾಯಿ ತೆರೆದು ತೇಕೋದೊಂದ ಅದ್ಕ ಗೊತ್ತು. ಗಾಳಿನೇ ಬಿಸಿ ಇದ್ರ ತೇಕಿ ಏನ್ ಮಾಡ್ತೈತಿ? ನೀ ಓಡು ಅಂದ್ರ ಬೀಳೋ ತನಕ ಓಡ್ತೈತಿ. ಓಡೋದು ಅದರ ಕೆಲ್ಸ. ನಿಲ್ಸೋದು ನಿನ್ ಕೆಲ್ಸ."

ಸಂಜೆಯ ಹೊತ್ತಿಗೆ ಚಿಗರಿ ಕಣ್ಣು ಬಿಟ್ಟಳು. ನಾನು ಹೆಸರು ಹಿಡಿದು ಕರೆದಾಗ ಬಾಲದ ತುದಿ ಒಂದೇ ಒಂದು ಸಲ ನೆಲಕ್ಕೆ ಬಡಿಯಿತು. ಅಷ್ಟಕ್ಕೇ ನಾನು ಖಾದರ್ ಮಾಮುವಿನ ಕಾಲು ಹಿಡಿದು ಮತ್ತೆ ಅತ್ತೆ.

ಊಟದ ಹೊತ್ತಿಗೆ ಮನೆಯಲ್ಲಿ ಯುದ್ಧ. ಹಡಗಲಿಯಿಂದ ಬಂದ ಕಾಕಾ ಕೈ ಕೂಡ ತೊಳೆಯದೆ ನನ್ನ ಮುಂದೆ ನಿಂತು ಕೂಗಾಡಿದ. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಪ್ಪನ ಸಿಟ್ಟು ಕಾಕಾನ ಮೇಲೆ.

"ಭಟ್ಟಿ ಮನಿಗೆ ಓಟದ ನಾಯಿ ಯಾಕ ಬೇಕಿತ್ಲೇ? ನಾಳಿಗೆ ಗುಡೇಕೋಟಿಗೆ ವಾಪಸ್ ಬಿಟ್ಟು ಬಾ."

ಆಗ ಅಜ್ಜಿ ಒಲೆಯ ಪಕ್ಕದಿಂದ ಎದ್ದು ಬಂದು ನಡುವೆ ಕೂತಳು.

"ಯಾರೂ ಎಲ್ಲಿಗೂ ಬಿಡಂಗಿಲ್ಲ. ಹುಡುಗಿ ತಪ್ಪು ಮಾಡ್ಯಾಳ, ನಾನ ಮಾಡಿದ್ನಿ ಅಂತ ಬಾಯ್ಬಿಟ್ಟು ಹೇಳ್ಯಾಳ. ನಲವತ್ ವರ್ಷ ಆ ಕಲ್ಲಿನ ಮ್ಯಾಲೆ ಭತ್ತ ಕೆದ್ರೀನಿ. ಬಿಸ್ಲು ಅಂದ್ರ ಏನು ಅಂತ ನಾ ಕಲಿಸ್ತೀನಿ ಇಕಿಗೆ."

ಹದಿನೈದು ದಿನ ಚಿಗರಿ ಓಡಲಿಲ್ಲ. ಅಜ್ಜಿಯೇ ದಿನಕ್ಕೆ ಎರಡು ಸಲ ಡಾಕ್ಟರು ಕೊಟ್ಟ ಮುಲಾಮನ್ನು ಪಾದಕ್ಕೆ ಹಚ್ಚಿದಳು. ಆಮೇಲೆ ಶುರುವಾಯಿತು ನೋಡಿ, ನನ್ನ ಬಾಳಿನ ಅತ್ಯಂತ ಸಂಭ್ರಮದ ದಿನಗಳು! ಕೋಳಿ ಕೂಗುವ ಮೊದಲೇ ಅಜ್ಜಿ ನನ್ನ ಹೊದಿಕೆ ಎಳೆಯುತ್ತಿದ್ದಳು. ನಾವು ಮೂವರು, ಅಜ್ಜಿ, ನಾನು, ಚಿಗರಿ, ಮಬ್ಬಿನಲ್ಲೇ ಕೆರೆಯ ಬಯಲಿಗೆ ಹೊರಡುತ್ತಿದ್ದೆವು. ಅಜ್ಜಿಯ ಸೊಂಟದ ಮೇಲೆ ನೀರಿನ ಬಿಂದಿಗೆ. ಹೊರಡುವ ಮುಂಚೆ ರಸ್ತೆಗೆ ಅಂಗೈಯ ಹಿಂಬದಿ ಒತ್ತಿ ಹತ್ತು ಎಣಿಸಬೇಕು. ಅಷ್ಟರೊಳಗೆ ಕೈ ಎಳೆದುಕೊಂಡರೆ ಅವತ್ತು ಆ ದಾರಿಯಿಲ್ಲ. ಬೆಳಿಗ್ಗೆ ಯಾವತ್ತೂ ಕೈ ಸುಡಲಿಲ್ಲ. ಸಂಜೆ ಮಾತ್ರ ನನಗೆ ಆಶ್ಚರ್ಯ ಕಾದಿತ್ತು. ಸೂರ್ಯ ಮುಳುಗಿ ತಂಗಾಳಿ ಬೀಸುತ್ತಿದ್ದರೂ ಡಾಂಬರು ಆರು ಎಣಿಸುವಷ್ಟರಲ್ಲಿ ಕೈ ಸುಡುತ್ತಿತ್ತು.

"ಗಾಳಿ ಲಗೂನ ಆರ್ತೈತಿ. ಕಲ್ಲು ಆರಂಗಿಲ್ಲ. ಅದ್ಕ ಸಂಜಿಗೆ ಹೊಲದ ಮಣ್ಣಿನ ಮ್ಯಾಲೆ ನಡಿ," ಎನ್ನುತ್ತಿದ್ದಳು ಅಜ್ಜಿ.

ಮೊದಲ ವಾರ ಬರೀ ನಡಿಗೆ. ಆಮೇಲೆ ಸ್ವಲ್ಪ ಓಟ, ಬೇವಿನ ನೆರಳಲ್ಲಿ ನಿಲುಗಡೆ, ನಾಲ್ಕು ಗುಟುಕು ನೀರು, ತೇಕು ಇಳಿದ ಮೇಲೆ ಮತ್ತೆ ಓಟ. ಹೊಟ್ಟೆ ತುಂಬ ಉಂಡ ಕೂಡಲೇ ಓಟವಿಲ್ಲ. ನಾಲಿಗೆ ಅಗಲವಾಗಿ ಚಮಚದಂತಾದರೆ, ನೆರಳಿನ ಕಡೆ ಎಳೆದರೆ, ಅವತ್ತಿನ ಓಟ ಮುಗಿಯಿತು, ಬಿಸಿಲಿರಲಿ ಇಲ್ಲದಿರಲಿ. ಗಾಳಿಯೇ ಆಡದೆ ಬೆಳಿಗ್ಗೆಯೇ ಕುದಿಯುವ ದಿನಗಳಲ್ಲಿ ಹೊರಗೆ ಹೋಗುತ್ತಲೇ ಇರಲಿಲ್ಲ. ಆಗ ಅಜ್ಜಿ ಪಡಸಾಲೆಯ ಖಾಲಿ ಚೀಲಗಳ ಕೆಳಗೆ ರೊಟ್ಟಿ ಚೂರು ಬಚ್ಚಿಡುತ್ತಿದ್ದಳು, ಚಿಗರಿ ಮೂಸಿ ಹುಡುಕುತ್ತಿದ್ದಳು. ಹುಡುಕುವ ಆತುರದಲ್ಲಿ ಚೀಲದೊಳಗೇ ನುಗ್ಗಿ, ತಲೆ ಎಲ್ಲಿ ಬಾಲ ಎಲ್ಲಿ ಎಂದು ತಿಳಿಯದೆ ಚೀಲವೇ ಮನೆಯೆಲ್ಲ ಓಡಾಡುವಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಪ್ಪ ಕೂಡ ಭಟ್ಟಿ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಪಂದ್ಯದ ದಿನ ಕಾಕಾನ ಗೂಡ್ಸ್ ಆಟೊದಲ್ಲಿ ನಾನು, ಅಜ್ಜಿ, ಚಿಗರಿ, ಐದು ಬಿಂದಿಗೆ ನೀರು. ಬೆಳಕು ಹರಿಯುವಷ್ಟರಲ್ಲಿ ಹಗರಿಬೊಮ್ಮನಹಳ್ಳಿ ದಾಟಿ ಹೊಳೆಯ ಬಯಲು ತಲುಪಿದೆವು. ಎಷ್ಟು ನಾಯಿ! ಕರಿಯವು, ಕಂದು, ಬೂದಿ ಬಣ್ಣದವು. ಎಲ್ಲ ಉದ್ದ ಮೂತಿ, ಸಣ್ಣ ನಡು. ಮೈಕು, ಶಾಮಿಯಾನ, ಮಿರ್ಚಿ ಕರಿಯುವ ಗಾಡಿ. ಏಳಕ್ಕೆ ಓಟ ಎಂದಿದ್ದರು. ಆದರೆ ಉದ್ಘಾಟಿಸಬೇಕಾದ ಅತಿಥಿ ಬರಲಿಲ್ಲ. ಎಂಟಾಯಿತು, ಹತ್ತಾಯಿತು. ಹನ್ನೊಂದೂವರೆಗೆ ಅವರು ಬಂದು, ಹಾರ ಹಾಕಿಸಿಕೊಂಡು, ಭಾಷಣ ಮುಗಿಸಿದಾಗ ಬಯಲು ಕಣ್ಣಿಗೆ ಕುಕ್ಕುತ್ತಿತ್ತು. ಮೈಕಿನಲ್ಲಿ ಮೊದಲ ತಂಡದ ಹೆಸರು ಕೂಗಿದರು. ಕೊಟ್ಟೂರಿನ ಚಿಗರಿಯ ಹೆಸರೂ ಅದರಲ್ಲಿತ್ತು.

ನಾನು ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಆಟೊದ ನೆರಳಲ್ಲಿ ಕೂತುಬಿಟ್ಟೆ.

"ಬ್ಯಾಡ ಕಾಕಾ."

"ಒಂದ ನಿಮಿಷದ ಓಟ, ಗಿರಿಜಾ. ಎರಡ್ ತಿಂಗ್ಳು ಇದಕ್ಕ ಕಾದೀನಿ. ಎಲ್ರೂ ಓಡಿಸಾಕತ್ಯಾರ ನೋಡು."

"ನಿಲ್ಸೋದು ನನ್ ಕೆಲ್ಸ. ನಾ ಕೊಡಂಗಿಲ್ಲ."

ಅವನ ಮುಖ ಕೆಂಪಾಯಿತು. ನನಗೂ ಅಳು ಬರುತ್ತಿತ್ತು. ಓಡಿಸುವ ಆಸೆ ನನಗೇನು ಕಡಿಮೆಯಿತ್ತೇ? ಅಜ್ಜಿಯ ಕಡೆ ನೋಡಿದೆ. ಅವಳು ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಮೈಕಿನಲ್ಲಿ ಮೂರು ಸಲ ಚಿಗರಿಯ ಹೆಸರು ಕರೆದು ಬಿಟ್ಟರು. ಕಾಕಾ ಕಾಲಿಂದ ಮಣ್ಣು ಒದ್ದು ಹೊರಟುಹೋದ.

ಓಟ ಶುರುವಾಯಿತು. ಉಚ್ಚಂಗಿದುರ್ಗದಿಂದ ಬಂದಿದ್ದ ಹನುಮಂತಪ್ಪ ಎಂಬ ದಪ್ಪ ಮೀಸೆಯ ರೈತನ ರಾಜ ಎಂಬ ಬಿಳಿ ನಾಯಿ ಎಲ್ಲವನ್ನೂ ಹಿಂದೆ ಹಾಕಿ ಗೆದ್ದಿತು. ಜನ ಕೇಕೆ ಹಾಕುತ್ತಿರುವಾಗಲೇ ಅದರ ಹಿಂಗಾಲು ವಾಲಿದವು. ಆ ವಾಲುವಿಕೆ ನನಗೆ ಗೊತ್ತಿತ್ತು. ಚಿಗರಿಯ ಪಟ್ಟಿಯನ್ನು ಅಜ್ಜಿಯ ಕೈಗೆ ಹಾಕಿ, ಒಂದು ಬಿಂದಿಗೆ ಎತ್ತಿಕೊಂಡು ಓಡಿದೆ. ರಾಜ ಬಿದ್ದಿದ್ದ. ಸುತ್ತ ಜನ ಗೋಡೆಯಂತೆ ನಿಂತಿದ್ದರು. ಹನುಮಂತಪ್ಪ ಅದರ ಬಾಯಿ ಬಿಡಿಸಿ ನೀರು ಸುರಿಯುತ್ತಿದ್ದ.

"ಬಾಯಿಗೆ ಹಾಕ್ಬ್ಯಾಡ್ರಿ!" ಎಂದು ಚೀರಿದೆ. "ಉಸ್ರು ಕಟ್ತೈತಿ! ಮೈಮ್ಯಾಲೆ ಹಾಕ್ರಿ! ಸರೀರಿ ಎಲ್ರೂ, ಗಾಳಿ ಬಿಡ್ರಿ!"

ಆ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಜನ ಸರಿದರು! ನಾನು ಹೊಟ್ಟೆ, ತೊಡೆ, ಕುತ್ತಿಗೆಗೆ ನೀರು ಸುರಿದೆ. ಯಾರೋ ಒಬ್ಬರು ಟವೆಲು ಹೊದಿಸಿದರು, ಕಿತ್ತು ಬಿಸಾಕಿದೆ. ಎಲ್ಲಿದ್ದನೋ ಕಾಕಾ, ಶಾಮಿಯಾನದ ಮುಂದೆ ಕಟ್ಟಿದ್ದ ಅತಿಥಿಯ ದೊಡ್ಡ ಫೋಟೋದ ಬ್ಯಾನರನ್ನು ಸರಕ್ಕನೆ ಹರಿದುಕೊಂಡು ಓಡಿ ಬಂದ. ಅವನೊಂದು ತುದಿ, ಇನ್ನೊಬ್ಬನೊಂದು ತುದಿ ಹಿಡಿದು ಬೀಸಿದರು. ಆ ನಗುವ ಮುಖ ಮೇಲೆ ಕೆಳಗೆ ಹಾರಾಡುತ್ತಾ ರಾಜನಿಗೆ ಗಾಳಿ ಹಾಕಿತು. ಯಾರೋ ಹೊತ್ತು ತಂದವೂ ಸೇರಿ ಐದೂ ಬಿಂದಿಗೆ ಖಾಲಿಯಾಗುವ ಹೊತ್ತಿಗೆ ನಾಲಿಗೆಯ ಕಪ್ಪು ಸ್ವಲ್ಪ ಇಳಿದಿತ್ತು. ಕಾಕಾ ರಾಜನನ್ನು ಆಟೊದಲ್ಲಿ ಹಾಕಿಕೊಂಡು, ಹನುಮಂತಪ್ಪನನ್ನೂ ಕೂರಿಸಿಕೊಂಡು ಹಗರಿಬೊಮ್ಮನಹಳ್ಳಿಯ ದನದ ಆಸ್ಪತ್ರೆಗೆ ಹಾರಿಸಿಕೊಂಡು ಹೋದ. ಇತ್ತ ಅಜ್ಜಿ ಪಂದ್ಯ ಮಾಡಿಸುವವರ ಮೇಜಿನ ಮುಂದೆ ನಿಂತಳು.

"ಇನ್ನೊಂದು ನಾಯಿ ಈ ಬಿಸ್ಲಾಗ ಓಡಿದ್ರ ನಾ ಅಡ್ಡ ಮಲಗ್ತೀನಿ. ನಾಳಿ ಬೆಳಕು ಹರಿಯೋ ಹೊತ್ತಿಗೆ ಇಟ್ಕೊಳ್ರಿ, ಯಾರ್ ಬರ್ಲಿ ಬಿಡ್ಲಿ."

ನಾಯಿ ತಂದಿದ್ದವರೆಲ್ಲ ಅಜ್ಜಿಯ ಪಕ್ಕ ಬಂದು ನಿಂತರು. ಓಟವೆಲ್ಲ ಮೊದಲಿಂದ ಮರುದಿನಕ್ಕೆ ಹೋಯಿತು; ಕೈಬಿಟ್ಟಿದ್ದ ಚಿಗರಿಯ ಹೆಸರನ್ನೂ ಮತ್ತೆ ಸೇರಿಸಿಕೊಂಡರು. ಅವತ್ತು ನಾವು ಹಂಪಸಾಗರದಲ್ಲಿ ಅವ್ವನ ಕಡೆಯ ನೆಂಟರ ಮನೆಯಲ್ಲಿ ಉಳಿದೆವು. ವಾಪಸ್ಸು ಬಂದ ಕಾಕಾ ನನ್ನ ಪಕ್ಕ ಕೂತು, ನನ್ನ ತಟ್ಟೆಯಿಂದ ಒಂದು ತುಂಡು ರೊಟ್ಟಿ ಮುರಿದುಕೊಂಡ. "ನಾ ಆಗ ಜಗ್ಗಿದ್ರ ನೀ ಕೊಡ್ತಿದ್ಯೇನು?" ಎಂದು ಕೇಳಿದ. "ಇಲ್ಲ," ಎಂದೆ. "ಚಲೋ ಆತು," ಎಂದ.

ಮರುದಿನ ಬೆಳಿಗ್ಗೆ ನೀರಿನ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ನೆಲ ಇನ್ನೂ ತಣ್ಣಗಿತ್ತು. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಚಿಗರಿಯನ್ನು ಹಿಡಿದ ಕಾಕಾ, ಇಲ್ಲಿಂದ ನೋಡಿದರೆ ಬೆರಳಿನಷ್ಟು. ಸೀಟಿ ಊದಿದರು. "ಚಿಗರೀ! ಬಾ! ಬಾರವ್ವಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಏಳು ನಾಯಿ ಒಟ್ಟಿಗೆ ಹೊರಟವು. ಮೊದಲು ಧೂಳು, ಆಮೇಲೆ ಕಿವಿಗಳು, ಆಮೇಲೆ ಅವಳ ಕಣ್ಣು. ಬೆನ್ನು ಬಾಗುತ್ತಿತ್ತು, ಬಿಚ್ಚುತ್ತಿತ್ತು, ಕಾಲು ನೆಲಕ್ಕೆ ತಾಗುತ್ತಿದ್ದವೋ ಇಲ್ಲವೋ! ಒಂದು ಕರಿ ನಾಯಿ ಅವಳಿಗಿಂತ ಒಂದು ತಲೆಯಷ್ಟು ಮುಂದೆ ಗೆರೆ ದಾಟಿತು. ಚಿಗರಿ ಎರಡನೆಯವಳು. ಅವಳಿಗೆ ಅದರ ಪರಿವೆಯೇ ಇಲ್ಲ. ಓಡಿ ಬಂದ ರಭಸದಲ್ಲೇ ನನ್ನ ಎದೆಗೆ ಹಾರಿ, ಇಬ್ಬರೂ ಮಣ್ಣಿನಲ್ಲಿ ಉರುಳಿ, ಅಲ್ಲಿಂದೆದ್ದು ಹೊಳೆಯ ನೀರಿಗೇ ನುಗ್ಗಿದೆವು. ಕಾಕಾ ಅಷ್ಟು ದೂರದಿಂದ ಲುಂಗಿ ಎತ್ತಿಕೊಂಡು ಓಡಿ ಬಂದು, ಗೆದ್ದವರಿಗಿಂತ ಜಾಸ್ತಿ ಕುಣಿದ.

ನಾನು ಒದ್ದೆ ಬಟ್ಟೆಯಲ್ಲೇ ದಂಡೆಗೆ ಬಂದು ಚಿಗರಿಯ ಪಾದಗಳನ್ನು ಒಂದೊಂದಾಗಿ ನೋಡುತ್ತಿರುವಾಗ ಹನುಮಂತಪ್ಪ ಬಂದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿದ್ದವು. ರಾಜ ಎದ್ದು ನಿಂತಿದ್ದಾನೆ, ನೀರು ಕುಡಿದಿದ್ದಾನೆ ಎಂದ. ಆಮೇಲೆ ನನ್ನ ಮುಂದೆ ಮಣ್ಣಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಕೇಳಿದ:

"ಡಾಕ್ಟ್ರು ಏನೇನೋ ಹೇಳಿದ್ರು. ನಂಗೆ ಒಂದೂ ತಲೇಗೆ ಹೋಗ್ಲಿಲ್ಲ, ಅಳ್ತಾ ಕುಂತಿದ್ದೆ. ನೀವು ಹೇಳ್ರಿ. ಇನ್ನು ಮ್ಯಾಲೆ ಅದನ್ನ ಹೆಂಗೆ ಓಡಿಸ್ಬೇಕು?"

ನನಗೆ ಯಾರೂ ಅಲ್ಲಿಯವರೆಗೆ ನೀವು ಎಂದಿರಲಿಲ್ಲ. ಹಿಂದೆ ಅಜ್ಜಿ ನಿಂತಿದ್ದಾಳೇನೋ, ಅವಳನ್ನು ಕೇಳುತ್ತಿರಬಹುದು ಎಂದು ತಿರುಗಿ ನೋಡಿದೆ. ಅಜ್ಜಿ ದೂರದಲ್ಲಿ ಬಿಂದಿಗೆ ತೊಳೆಯುತ್ತಿದ್ದಳು. ಹಿಂದೆ ಯಾರೂ ಇರಲಿಲ್ಲ. ಆತ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದ.

"ಮೊದ್ಲು ಹದಿನೈದ್ ದಿನ ಓಡಿಸ್ಲೇಬ್ಯಾಡ್ರಿ," ಎಂದೆ.

ಹನುಮಂತಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಇನ್ನಷ್ಟು ಹತ್ತಿರ ಸರಿದ.

"ಹ್ಞೂಂ. ಆಮ್ಯಾಲೆ?"